ಹೊಗೆಯ ಜಾಡು ಹಿಡಿದು ನಾಲ್ಕು ತಾಲ್ಲೂಕು

ಒಂದು ಕೆ.ಜಿ. ಒಣ ಸೌದೆ ಪೂರ್ತಿ ಉರಿದರೆ ಅದರಿಂದ ಹೊರಡುವ ಇಂಗಾಲದ ಡೈಆಕ್ಸೈಡ್ ಎಷ್ಟು ತೂಗುತ್ತದೆ ಗೊತ್ತೆ? ಹೆಚ್ಚುಕಡಿಮೆ ಒಂದೂಮುಕ್ಕಾಲು ಕೆ.ಜಿ. ಸುಟ್ಟದ್ದಕ್ಕಿಂತ ಹೊರಬಂದದ್ದೇ ಭಾರ! ಒಣ ಸೌದೆಯ ತೂಕದಲ್ಲಿ ಅರ್ಧದಷ್ಟು ಇಂಗಾಲ. ಅದರ ಪ್ರತಿ 12 ಗ್ರಾಂ, ಗಾಳಿಯಲ್ಲಿರುವ 32 ಗ್ರಾಂ ಆಮ್ಲಜನಕವನ್ನು ಸೇರಿಸಿಕೊಂಡು 44 ಗ್ರಾಂ ಆಗಿ ಮೇಲೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ನಾವು ಹೊಗೆ ಎಂದು ಬೆರಳು ತೋರಿಸುವುದು ಸರಿಯಾಗಿ ಉರಿಯದೆ ಉಳಿದ ಕಣಗಳನ್ನು. ನಿಜವಾದ ಭಾರ ಅದರ ಪಕ್ಕದಲ್ಲೇ ಯಾರಿಗೂ ಕಾಣದಂತೆ ಹೋಗುತ್ತಿರುತ್ತದೆ. ಶಾಲೆಯಲ್ಲಿ ಓದಿದ ಈ ಲೆಕ್ಕ ದಾವಣಗೆರೆ ಜಿಲ್ಲೆಯ ರಸ್ತೆಗಳಲ್ಲಿ ಒಲೆಯಿಂದ ಒಲೆಗೆ, ಭಟ್ಟಿಯಿಂದ ಭಟ್ಟಿಗೆ ಅಲೆಯುವಾಗ ನನ್ನನ್ನು ಮತ್ತೆ ಮತ್ತೆ ನಿಲ್ಲಿಸಿ ಬೆರಗಾಗಿಸಿತು.

ಹೊರಟದ್ದು ಕಾರ್ತಿಕದ ಕೊನೆಯಲ್ಲಿ. ಈ ಸೀಮೆಯಲ್ಲಿ ಅದು ಬೆಂಕಿಯ ಕಾಲ. ಅಡಿಕೆ ಬೇಯುತ್ತಿರುತ್ತದೆ, ಕಬ್ಬು ಅರೆಯುತ್ತಿರುತ್ತದೆ, ನದಿ ಇಳಿದ ದಡದಲ್ಲಿ ಇಟ್ಟಿಗೆ ಕೊಯ್ಯಲು ಮಣ್ಣು ಹದವಾಗುತ್ತಿರುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗಂತೂ ಕಾಲವೆಂಬುದಿಲ್ಲ. ಒಂದು ಭಟ್ಟಿಯ ಮುಂದೆ ನಿಂತೆ. ಕಾದ ಮರಳಿಗೆ ಅಕ್ಕಿ ಬಿದ್ದದ್ದೇ ತಡ, ಬಾಣಲೆ ತುಂಬ ಬಿಳಿ ಉಕ್ಕಿ ಬಂತು. ಕೆಳಗೆ ಉರಿಯುತ್ತಿದ್ದುದು ಭತ್ತದ ಹೊಟ್ಟು. ಅಂದರೆ ಅಕ್ಕಿಯ ಹೊರಗವಚವೇ ಅಕ್ಕಿಯನ್ನು ಅರಳಿಸುತ್ತಿದೆ. ಭತ್ತದ ಪೈರು ನಾಲ್ಕೈದು ತಿಂಗಳ ಹಿಂದೆ ಗಾಳಿಯಿಂದ ಹೀರಿಕೊಂಡ ಇಂಗಾಲ ಈಗ ಗಾಳಿಗೇ ಮರಳುತ್ತಿದೆ. ಮುಂದಿನ ಬೆಳೆ ಅದನ್ನು ಮತ್ತೆ ಹೀರುತ್ತದೆ. ಹೋದದ್ದು ಬರುತ್ತದೆ, ಬಂದದ್ದು ಹೋಗುತ್ತದೆ. ಕಲ್ಲಿದ್ದಲಿನ ವಿಷಯ ಬೇರೆ. ಕೋಟ್ಯಂತರ ವರ್ಷ ನೆಲದಡಿ ಬೀಗ ಹಾಕಿ ಇಟ್ಟಿದ್ದ ಇಂಗಾಲ ಅದು. ಒಮ್ಮೆ ಹೊರಬಂದರೆ ವಾಪಸು ಇಡುವವರಿಲ್ಲ. ಈ ಒಂದು ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದಿದ್ದರೆ ನಮ್ಮ ಊರುಗಳ ಹೊಗೆಯನ್ನು ತೂಗುವುದಕ್ಕೆ ಆಗುವುದಿಲ್ಲ.

ಚನ್ನಗಿರಿ ರಸ್ತೆ ಹಿಡಿದೆ. ಹದಡಿ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಶುರುವಾಯಿತು. ಎಲ್ಲವೂ ಕುಕ್ಕುವಾಡದ ಸಕ್ಕರೆ ಕಾರ್ಖಾನೆಯ ಕಡೆಗೆ. ಒಂದು ಟನ್ ಕಬ್ಬು ಅರೆದರೆ ಮುನ್ನೂರು ಕೆ.ಜಿ.ಯ ಹತ್ತಿರ ಸಿಪ್ಪೆ ಉಳಿಯುತ್ತದೆ. ಸಕ್ಕರೆ ಕಾರ್ಖಾನೆಗಳು ಅದನ್ನೇ ಬಾಯ್ಲರಿಗೆ ಹಾಕಿ ಉಗಿ ಮಾಡಿ, ಆ ಉಗಿಯಿಂದ ರಸ ಕಾಯಿಸಿ, ವಿದ್ಯುತ್ತನ್ನೂ ತೆಗೆದು, ಹೆಚ್ಚಾದದ್ದನ್ನು ಹೊರಗಿನ ತಂತಿಗೆ ಕೊಡುತ್ತವೆ. ಡಿಸ್ಟಿಲರಿಯಲ್ಲಿ ಇನ್ನೊಂದು ಬೆರಗು ಇದೆ: ಸಕ್ಕರೆ ಹುಳಿಬಂದು ಎಥೆನಾಲ್ ಆಗುವಾಗ ಅದರ ತೂಕದ ಹೆಚ್ಚುಕಡಿಮೆ ಅರ್ಧ ಭಾಗ ಇಂಗಾಲದ ಡೈಆಕ್ಸೈಡ್ ಆಗಿ ಗುಳ್ಳೆ ಗುಳ್ಳೆಯಾಗಿ ಹೊರಡುತ್ತದೆ. ಬೆಂಕಿಯೇ ಇಲ್ಲದೆ! 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಎಥೆನಾಲ್, 88 ಗ್ರಾಂ ಅನಿಲ. ಪೆಟ್ರೋಲಿಗೆ ಬೆರೆಸುವ ಎಥೆನಾಲಿನ ಹಿಂದೆ ಅಷ್ಟೇ ತೂಕದ ಇನ್ನೊಂದು ವಸ್ತು ಹುಟ್ಟುತ್ತದೆಂದು ನಾವು ಎಂದಾದರೂ ಯೋಚಿಸುತ್ತೇವೆಯೆ? ಅದೂ ಕಬ್ಬು ಗಾಳಿಯಿಂದಲೇ ತಂದದ್ದು ಎಂಬುದು ಸಮಾಧಾನ.

ಕೆರೆಬಿಳಚಿ ಬರುತ್ತಿದ್ದಂತೆ ಬಲಕ್ಕೂ ಎಡಕ್ಕೂ ನೋಡುವುದೇ ಕೆಲಸ. ಸರ್ಕಾರಿ ಕಾಗದದಲ್ಲಿ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ. ಎರಡು ಗುಡ್ಡಗಳ ನಡುವೆ ಸಾವಿರ ಅಡಿಯಷ್ಟೂ ಉದ್ದವಿಲ್ಲದ ಒಂದು ಏರಿ; ಅದರ ಹಿಂದೆ ಆರು ಸಾವಿರ ಎಕರೆಗೂ ಮಿಕ್ಕಿದ ನೀರು. ಎಂಟು ಶತಮಾನಗಳಿಗೂ ಹಿಂದೆ ಶಾಂತವ್ವ ಕಟ್ಟಿಸಿದಳೆಂದು ಜನ ಹೇಳುತ್ತಾರೆ. ಮಣ್ಣು ಹೊತ್ತವರು ಯಾರು, ಜಾಗ ನೋಡಿದ ಕಣ್ಣು ಯಾರದು! ಏರಿಯ ಮೇಲೆ ನಿಂತು ನನಗೆ ಅನ್ನಿಸಿದ್ದು ಇಷ್ಟು: ಈ ಕೆರೆ ಇಷ್ಟು ವರ್ಷ ನೀರು ಕೊಟ್ಟಿದೆ, ಅದಕ್ಕಾಗಿ ಒಂದು ಹಿಡಿ ಇದ್ದಿಲನ್ನೂ ಕೇಳಿಲ್ಲ. ಹಳ್ಳ ತಾನಾಗಿ ಬಂದು ತುಂಬಿತು, ತೂಬು ಎತ್ತಿದರೆ ತಾನಾಗಿ ಗದ್ದೆಗೆ ಹರಿಯಿತು. ನೀರು ತಗ್ಗಿಗೆ ಹೋಗುತ್ತದೆಂಬ ಒಂದೇ ನಿಯಮದ ಮೇಲೆ ನಿಂತ ಉದ್ದಿಮೆ ಇದು. ಮುಂದೆ ಜಗಳೂರಿನಲ್ಲಿ ಈ ಮಾತು ನೆನಪಿಗೆ ಬರಲಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಚನ್ನಗಿರಿಯಲ್ಲಿ ಬೆಳಗಿನ ಐದಕ್ಕೇ ಊರ ಹೊರಗಿನ ಅಡಿಕೆ ಮನೆಗಳ ಕಡೆ ನಡೆದೆ. ಮಂಜಿಗೂ ಹೊಗೆಗೂ ಅಲ್ಲಿ ಗುರುತು ಸಿಗುವುದಿಲ್ಲ. ಮೂಗಿಗೆ ಮಾತ್ರ ಗೊತ್ತಾಗುತ್ತದೆ. ಬೇಯುವ ಹಸಿ ಅಡಿಕೆಯ ಒಗರು ವಾಸನೆ ಗಂಟಲವರೆಗೆ ಇಳಿಯುತ್ತದೆ. ಸುಲಿಯುವ ಯಂತ್ರದ ಸದ್ದು. ಮೊದಲು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯಿಡೀ ಸುಲಿಯುತ್ತಿದ್ದ ಕೆಲಸ ಅದು. ದೊಡ್ಡ ಹಂಡೆಯಲ್ಲಿ ಚೊಗರು ಕೆಂಪಗೆ ಕುದಿಯುತ್ತಿತ್ತು. ಬೇಯಿಸಿದಷ್ಟೂ ಗಟ್ಟಿಯಾಗುವ ಈ ಚೊಗರೇ ರಾಶಿ ಅಡಿಕೆಗೆ ಬಣ್ಣ ಕೊಡುವುದು, ಬಣ್ಣವೇ ಧಾರಣೆ ಕೊಡುವುದು.

“ಎಷ್ಟೊತ್ತಿಗೆ ಎದ್ರಿ ಅಕ್ಕ?” ಎಂದೆ.

“ಮೂರಕ್ಕೇ ಒಲೆ ಹಚ್ಚಿದ್ವಿ ಕಣಣ್ಣ. ಬಿಸ್ಲು ಏರೋದ್ರೊಳ್ಗೆ ಬೇಯ್ಸಿ ಹರವ್ಬೇಕು. ಮೋಡ ಆದ್ರೆ ಮುಗೀತು, ಬೂಸ್ಟು ಹಿಡಿತದೆ” ಎಂದವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಒಲೆಯ ಬಾಯಿಗೆ ಇನ್ನೊಂದು ಕೊರಡು ತಳ್ಳಿದರು.

ಆ ಒಲೆಯನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದೆ. ಮೂರು ಕಡೆ ಗೋಡೆ, ಮುಂದೆ ಅಗಲವಾದ ಬಾಯಿ. ಉರಿಯ ಅರ್ಧ ಭಾಗ ಹಂಡೆಯನ್ನು ಮುಟ್ಟದೆ ಹೊರಗೇ ನಾಲಗೆ ಚಾಚುತ್ತಿತ್ತು. ಇದಕ್ಕೆ ಮದ್ದಿಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ನಮ್ಮ ಹಳ್ಳಿಗಳಿಗೆ ಅಸ್ತ್ರ ಒಲೆಯನ್ನು ಕೊಟ್ಟಿತು. ಅದೇ ತಿಳಿವಳಿಕೆಯ ದಾರಿಯಲ್ಲಿ ಬೆಂಗಳೂರಿನ ‘ಟೈಡ್’ ಸಂಸ್ಥೆ ಅಡಿಕೆ ಬೇಯಿಸುವವರೂ ಸೇರಿದಂತೆ ಸಣ್ಣ ಉದ್ದಿಮೆಗಳಿಗೆ ಸೌದೆ ಉಳಿಸುವ ಒಲೆಗಳನ್ನು ಕಟ್ಟಿಕೊಟ್ಟಿತು. ಆ ಕೆಲಸಕ್ಕೆ 2008ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿಯೂ ಬಂತು. ಗಾಳಿ ಒಳಗೆ ಬರುವ ಜಾಗ, ಉರಿ ಹಂಡೆಯ ಸುತ್ತ ಸುತ್ತಿ ಹೋಗುವ ದಾರಿ, ಎತ್ತರದ ಚಿಮಣಿ, ಇಷ್ಟನ್ನು ಸರಿಮಾಡಿದರೆ ಸೌದೆ ಕಡಿಮೆ ಸಾಕು, ಹೊಗೆ ಮುಖಕ್ಕೆ ಬಾರದು. ಉರಿಯುವ ಒಂದು ಕೊರಡು ಉಳಿದರೆ ಅದರ ಒಂದೂಮುಕ್ಕಾಲು ಪಟ್ಟು ತೂಕದ ಅನಿಲವೂ ಉಳಿಯಿತು. ಅದಕ್ಕಿಂತ ಮೊದಲು ಆ ಅಕ್ಕನ ಕಣ್ಣು ಉಳಿಯಿತು. ಸೌದೆ ಮತ್ತೆ ಬೆಳೆಯುವ ತೋಪಿನಿಂದ ಬಂದಿದ್ದರೆ ಆಕಾಶದ ಲೆಕ್ಕ ಸರಿಹೋದೀತು. ಮತ್ತೆ ಚಿಗುರದ ಕಾಡಿನಿಂದ ಬಂದಿದ್ದರೆ ಇಲ್ಲ. ಎದೆಯೊಳಗೆ ಹೋದ ಹೊಗೆಗಂತೂ ಯಾವ ಲೆಕ್ಕದಲ್ಲೂ ಪರಿಹಾರವಿಲ್ಲ.

ಬೆಂದ ಅಡಿಕೆಯನ್ನು ಅಂಗಳದಲ್ಲಿ ಹರವಿದ ಮೇಲೆ ಉಳಿದ ಕೆಲಸವೆಲ್ಲ ಸೂರ್ಯನದು. ಎಕರೆಗಟ್ಟಲೆ ಕೆಂಪು ಹರಹು, ದಿನಗಟ್ಟಲೆ ಬಿಸಿಲು. ಇಷ್ಟು ನೀರನ್ನು ಕಲ್ಲಿದ್ದಲಿನಿಂದ ಒಣಗಿಸಬೇಕಾಗಿದ್ದರೆ ಎಷ್ಟು ಸುಡಬೇಕಿತ್ತು ಎಂದು ಯೋಚಿಸಿ ತಲೆ ತಿರುಗಿತು. ಬಿಸಿಲು ಮಾಡುವ ಕೂಲಿ ಯಾವ ಕಾರ್ಖಾನೆಯ ಖಾತೆಯಲ್ಲೂ ಬರೆದಿರುವುದಿಲ್ಲ.

ಚನ್ನಗಿರಿಯಲ್ಲಿ ನನಗೆ ನಿಜವಾಗಿ ನೋವಾದದ್ದು ರಸ್ತೆ ಬದಿಯ ಸಿಪ್ಪೆ ಕಂಡು. ಹಸಿ ಅಡಿಕೆ ಕಾಯಿಯ ತೂಕದಲ್ಲಿ ನೂರಕ್ಕೆ 60ರಿಂದ 80 ಪಾಲು ಸಿಪ್ಪೆಯೇ. ಟ್ರ್ಯಾಕ್ಟರುಗಟ್ಟಲೆ ತಂದು ರಸ್ತೆಯ ಇಬ್ಬದಿಗೆ ಸುರಿಯುತ್ತಾರೆ, ಒಣಗಿದ ಮೇಲೆ ಯಾರೋ ಕಡ್ಡಿ ಗೀರುತ್ತಾರೆ. ಅದು ಭಗ್ಗೆಂದು ಉರಿಯುವುದಿಲ್ಲ. ಒಳಗೊಳಗೇ ಹೊಗೆಯಾಡುತ್ತ ದಿನಗಟ್ಟಲೆ ಇರುತ್ತದೆ. ಬೈಕಿನವರು ಕಣ್ಣು ಮುಚ್ಚಿಕೊಂಡು ಆ ಹೊಗೆಯೊಳಗೆ ನುಗ್ಗುವುದನ್ನು ನೋಡಿ ಎದೆ ಝಲ್ಲೆಂದಿತು. ಸುಡದೆ ಆಳವಾದ ಗುಪ್ಪೆಯಲ್ಲಿ ಬಿಟ್ಟರೂ ಗಾಳಿಯಾಡದ ಒಡಲಲ್ಲಿ ಕೊಳೆತು ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 28 ಪಟ್ಟು ಹೆಚ್ಚು ಬಿಸಿ ಹಿಡಿಯುವ ಅನಿಲ. ಇದೇ ಸಿಪ್ಪೆಯನ್ನು ಸಗಣಿ ಬಗ್ಗಡದೊಂದಿಗೆ ಪದರಪದರವಾಗಿ ಹಾಕಿ, ಆಗಾಗ ಮಗುಚಿ, ಗೊಬ್ಬರ ಮಾಡಿ ತೋಟಕ್ಕೇ ಹಿಂದಿರುಗಿಸಿದ ರೈತರೂ ಇದ್ದಾರೆ. ಅವರ ಮರದ ಬುಡದಲ್ಲಿ ಕೈಯಿಟ್ಟರೆ ಮಣ್ಣು ತಣ್ಣಗೆ, ಮೆತ್ತಗೆ ಸಿಗುತ್ತದೆ. ಆ ಇಂಗಾಲ ಆಕಾಶಕ್ಕೆ ಹೋಗುವ ಬದಲು ಮಣ್ಣಿನಲ್ಲಿ ಮನೆಮಾಡಿದೆ.

ಚನ್ನಗಿರಿಯ ಪಕ್ಕದ ಭದ್ರಾವತಿಯನ್ನು ನೆನೆಯದೆ ಮುಂದೆ ಹೋಗಲಾಗದು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗುವ ತನಕ ಚನ್ನಗಿರಿ, ಹೊನ್ನಾಳಿಗಳೆರಡೂ ಶಿವಮೊಗ್ಗ ಜಿಲ್ಲೆಯವೇ. ಆ ಜಿಲ್ಲೆಯ ಕಾಡುಗಳ ಮರವನ್ನು ಇದ್ದಿಲು ಮಾಡಿ, ಆ ಇದ್ದಿಲಿನಿಂದ ಕೆಮ್ಮಣ್ಣುಗುಂಡಿಯ ಅದಿರು ಕರಗಿಸಿ, 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಹರಿಯಿತು. ವಿಶ್ವೇಶ್ವರಯ್ಯನವರ ಕನಸದು. ಕಲ್ಲಿದ್ದಲ ಗಣಿಯೇ ಇಲ್ಲದ ಮೈಸೂರು ಸೀಮೆಯಲ್ಲಿ ಕಬ್ಬಿಣ ಮಾಡುವುದು! 1950ರ ದಶಕದಲ್ಲಿ ಜೋಗದ ವಿದ್ಯುತ್ತಿನಿಂದ ನಡೆಯುವ ಕುಲುಮೆಗಳೂ ಬಂದವು. ಇಂದು ಜಗತ್ತಿನ ಉಕ್ಕಿನ ಕಾರ್ಖಾನೆಗಳು ಕಲ್ಲಿದ್ದಲನ್ನು ಬಿಟ್ಟು ಬದುಕುವ ದಾರಿಯನ್ನು ಹುಡುಕುತ್ತಿವೆ. ಬ್ರೆಜಿಲ್‌ನಲ್ಲಿ ನೀಲಗಿರಿ ಇದ್ದಿಲಿನಿಂದ ಈಗಲೂ ಕಬ್ಬಿಣ ತೆಗೆಯುತ್ತಾರೆ. ನಮ್ಮವರು ನೂರು ವರ್ಷದ ಹಿಂದೆ ಮಾಡಿದ ಆ ಪ್ರಯತ್ನಕ್ಕೆ ಕಾಡು ತೆತ್ತ ಬೆಲೆ ದೊಡ್ಡದು, ನಿಜ. ಆದರೂ ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಸಾಸ್ವೆಹಳ್ಳಿಯ ಮೇಲೆ ಹೊನ್ನಾಳಿಗೆ ಬಂದೆ. ಕೂಡಲಿಯಲ್ಲಿ ಒಂದಾದ ತುಂಗೆ–ಭದ್ರೆಯರು ಇಲ್ಲಿ ಅವಸರವಿಲ್ಲದೆ ಹರಿಯುತ್ತಾರೆ. ನದಿ ಬದಿಯ ಒಂದು ಇಟ್ಟಿಗೆ ಭಟ್ಟಿಯಲ್ಲಿ ಗಂಡಹೆಂಡತಿ ಮಣ್ಣು ತುಳಿಯುತ್ತಿದ್ದರು; ಮಗು ಒಣಗಿದ ಇಟ್ಟಿಗೆ ಸಾಲಿನ ನೆರಳಿನಲ್ಲಿ ಮಲಗಿತ್ತು. ಹಸಿ ಇಟ್ಟಿಗೆ ಬಿಸಿಲಿನಲ್ಲಿ ಒಣಗಬೇಕು, ಆಮೇಲೆ ಗೂಡು ಕಟ್ಟಿ, ನಡುವೆ ಸೌದೆ, ಹೊಟ್ಟು ತುಂಬಿ ಬೆಂಕಿ ಇಡಬೇಕು. ಮಣ್ಣು ಕಲ್ಲಿನಂತಾಗಬೇಕಾದರೆ ಒಳಗಿನ ಬಿಸಿ 900 ಡಿಗ್ರಿಯ ಆಸುಪಾಸು ಮುಟ್ಟಬೇಕು. ಉತ್ತರ ಭಾರತದ ಬಯಲಿನಲ್ಲಿ ಇದೇ ಕೆಲಸಕ್ಕೆ ಕಲ್ಲಿದ್ದಲು ಉರಿಯುತ್ತದೆ. ಇಲ್ಲಿ ಹೊಟ್ಟೂ ಜಾಲಿಯೂ ಉರಿಯುತ್ತವೆ. ಆದರೆ ಈ ಇಟ್ಟಿಗೆಗಳನ್ನು ಕೂಡಿಸುವ ಸಿಮೆಂಟು? ಅದು ದೂರದಿಂದ ಬರುತ್ತದೆ, ತನ್ನ ಅನಿಲವನ್ನು ದೂರದಲ್ಲೇ ಬಿಟ್ಟು ಬರುತ್ತದೆ. ಸುಣ್ಣಕಲ್ಲನ್ನು ಸುಟ್ಟಾಗ ಇಂಧನದ ಹೊಗೆಯ ಜೊತೆಗೆ ಕಲ್ಲೊಳಗಿನಿಂದಲೇ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಶುದ್ಧ ಸುಣ್ಣಕಲ್ಲಿನ ನೂರು ಕೆ.ಜಿ.ಗೆ 44 ಕೆ.ಜಿ. ಸಮುದ್ರದ ಚಿಪ್ಪುಜೀವಿಗಳು ಯುಗಯುಗಗಳ ಹಿಂದೆ ಕಲ್ಲಾಗಿಸಿದ ಗಾಳಿ ಅದು! 50 ಕೆ.ಜಿ.ಯ ಒಂದು ಚೀಲ ಸಿಮೆಂಟಿನ ಹಿಂದೆ ಸಾಮಾನ್ಯವಾಗಿ 25 ಕೆ.ಜಿ.ಗೂ ಹೆಚ್ಚು ಅನಿಲವಿದೆ. ಹೊನ್ನಾಳಿಯಲ್ಲಿ ಏಳುವ ಹೊಸ ಮನೆಯ ಗೋಡೆಯಲ್ಲಿ ಕಣ್ಣಿಗೆ ಕಂಡ ಹೊಗೆ ಇಟ್ಟಿಗೆಯದು, ಕಾಣದ ಭಾರ ಸಿಮೆಂಟಿನದು, ಕಬ್ಬಿಣದ್ದು.

ಮಣ್ಣು ತುಳಿಯುತ್ತಿದ್ದ ಆ ದಂಪತಿಯ ಮನೆಯಲ್ಲಿ ವರ್ಷಕ್ಕೆ ಎಷ್ಟು ಕಲ್ಲಿದ್ದಲು, ಪೆಟ್ರೋಲು, ವಿದ್ಯುತ್ತು ಖರ್ಚಾದೀತು? ಭಾರತ ಇಂದು ಚೀನಾ, ಅಮೆರಿಕಗಳ ನಂತರ ಜಗತ್ತಿನ ಮೂರನೆಯ ಅತಿ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುವ ದೇಶ. ವರ್ಷಕ್ಕೆ ಸುಮಾರು 300 ಕೋಟಿ ಟನ್. ಅದನ್ನು ತಲೆಗೆ ಹಂಚಿದರೆ ಎರಡು ಟನ್ನಿನ ಆಸುಪಾಸು. ಜಗತ್ತಿನ ಸರಾಸರಿಯ ಅರ್ಧವೂ ಇಲ್ಲ, ಅಮೆರಿಕದವನ ಏಳರಲ್ಲೊಂದು ಪಾಲು. ದೇಶದ ಸರಾಸರಿಯ ಒಳಗೂ ಮತ್ತೆ ಬೆಂಗಳೂರಿನ ಬಹುಮಹಡಿಯವರಿಗೂ ಭಟ್ಟಿಯ ಕೂಲಿಗೂ ಅಗಾಧ ಅಂತರ. 2021ರಲ್ಲಿ ಗ್ಲಾಸ್ಗೊದಲ್ಲಿ ನಮ್ಮ ದೇಶ 2070ರೊಳಗೆ ನಿವ್ವಳ ಶೂನ್ಯ ತಲುಪುವ ಮಾತು ಕೊಟ್ಟಿದೆ. ಆ ಮಾತನ್ನು ನಡೆಸಲೇಬೇಕು. ನಡೆಸುವ ಭಾರವನ್ನು ಮೊದಲು ಹೊನ್ನಾಳಿಯ ಭಟ್ಟಿಯ ಹೆಗಲಿಗೇರಿಸಿದರೆ ಅದು ಅನ್ಯಾಯ.

ಹೊನ್ನಾಳಿಯಿಂದ ಒಡೆದು 2018ರಲ್ಲಿ ಬೇರೆ ತಾಲ್ಲೂಕಾದ ನ್ಯಾಮತಿ ಮಲೆನಾಡಿನ ಸೆರಗು. ರಸ್ತೆಯ ಒಂದು ಬದಿಯಲ್ಲಿ ಮೆಕ್ಕೆಜೋಳ ಒಣಗುತ್ತಿತ್ತು. ಮತ್ತೆ ಅದೇ ಸೂರ್ಯನ ಕೂಲಿ. ಬಂಜಾರರ ಗುರು ಸೇವಾಲಾಲರ ಸೂರಗೊಂಡನಕೊಪ್ಪದ ದಾರಿಯನ್ನು ಬಿಟ್ಟು, ಬೆಳಗುತ್ತಿಯ ಕಡೆಯ ತೀರ್ಥರಾಮೇಶ್ವರಕ್ಕೆ ಹತ್ತಿದೆ. ಗುಡ್ಡದ ಮೇಲೆ, ಕಲ್ಲಿನ ಸಂದಿನಿಂದ ನೀರು ಜಿನುಗಿ ಬೀಳುತ್ತದೆ. ಸುತ್ತ ಕಾಡು. ಪ್ರತಿ ವರ್ಷ ಮನುಷ್ಯ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ಕಾಡುಗಳೂ ಕಡಲುಗಳೂ ಹೀರಿಕೊಳ್ಳುತ್ತಿವೆ. ಯಾರೂ ಕೇಳದೆ, ಯಾರೂ ಕೂಲಿ ಕೊಡದೆ. ಹಾಗೆ ಹೀರಿಯೂ ಉಳಿದದ್ದೇ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳೆಯಲು ಶುರುಮಾಡಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 315 ಇದ್ದದ್ದನ್ನು ಇಂದು 420ರ ಆಚೆ ತಂದು ನಿಲ್ಲಿಸಿದೆ. ತೀರ್ಥದ ನೀರು ಕುಡಿದು ಆ ಮರಗಳ ಕೆಳಗೆ ಕುಳಿತಾಗ ಅವುಗಳ ಬಗ್ಗೆ ಕೃತಜ್ಞತೆಯ ಹೊರತು ಬೇರೇನೂ ತೋಚಲಿಲ್ಲ.

ಜಗಳೂರಿಗೆ ಹೋಗಲು ಹರಿಹರದ ಮೇಲೆ ಹಿಂದಿರುಗಿದೆ. ನದಿಯ ಆಚೆ ದಡದ ಕುಮಾರಪಟ್ಟಣದಲ್ಲಿ 1970ರ ದಶಕದಿಂದ ನಡೆಯುತ್ತಿರುವ ನಾರಿನ ಕಾರ್ಖಾನೆ ಇದೆ. 1980ರ ದಶಕದಲ್ಲಿ ಅದರ ಕೊಳೆನೀರಿನಿಂದ ತುಂಗಭದ್ರೆಯ ನೀರು ಕೆಟ್ಟಾಗ ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯದ ಜೊತೆ ಹಳ್ಳಿಗಳು ಎದ್ದು ನಿಂತವು. ನೀರಿನ ಬಣ್ಣ ಕಂಡಿತು, ಮೀನು ಸತ್ತದ್ದು ಕಂಡಿತು, ಜನ ಕೇಳಿದರು. ಇಂಗಾಲದ ಡೈಆಕ್ಸೈಡ್ ಹಾಗೆ ಕಾಣಿಸಿಕೊಳ್ಳುವುದಿಲ್ಲ. ಅದರ ವಿರುದ್ಧ ಯಾವ ಹಳ್ಳಿಯೂ ತಾನಾಗಿ ಏಳಲಾರದು. ಅದಕ್ಕೇ ತೂಗಿ ನೋಡುವ ವಿದ್ಯೆ ನಮಗೆ ಬೇಕು ಎಂದು ನಾನು ಹಟ ಹಿಡಿಯುವುದು.

ಜಗಳೂರು ಬರದ ಸೀಮೆ. ಕೊಂಡುಕುರಿಗಳಿಗಾಗಿ 2011ರಲ್ಲಿ ವನ್ಯಧಾಮವಾದ ರಂಗಯ್ಯನದುರ್ಗದ ಕುರುಚಲು ಕಾಡು, ಮೆಕ್ಕೆಜೋಳದ ಹೊಲ, ಬೋಳು ಗುಡ್ಡ. ಆ ಗುಡ್ಡಗಳ ನೆತ್ತಿಯಲ್ಲಿ ಸಾಲಾಗಿ ಗಾಳಿಯಂತ್ರಗಳು. ಊರಿನವರು ಫ್ಯಾನ್ ಎನ್ನುತ್ತಾರೆ. ಹತ್ತಿರ ಹೋಗಿ ತಲೆ ಎತ್ತಿದರೆ ಕುತ್ತಿಗೆ ನೋಯುತ್ತದೆ. ರೆಕ್ಕೆ ಹತ್ತಿರ ಬಂದಾಗಲೆಲ್ಲ ಸುಂಯ್ ಎಂಬ ಸದ್ದು.

“ಇದೇನ್ ನೋಡ್ತೀರಿ ಸಾರ್, ಆಷಾಢದಾಗೆ ಬರ್ರಿ. ಆವಾಗ ನೋಡ್ಬೇಕು ಇವುಗಳ ಆಟ” ಎಂದರು ಕುರಿ ಕಾಯುತ್ತಿದ್ದ ಅಜ್ಜ.

ಅವರ ಪಕ್ಕ ಕಲ್ಲಿನ ಮೇಲೆ ಕೂತು ಲೆಕ್ಕ ಹಾಕಿದೆ. 2 ಮೆಗಾವಾಟಿನ ಒಂದು ಫ್ಯಾನು ವರ್ಷದ ನಾಲ್ಕರಲ್ಲೊಂದು ಭಾಗ ಪೂರ್ಣ ಶಕ್ತಿಯಲ್ಲಿ ತಿರುಗಿದ್ದಕ್ಕೆ ಸಮವಾಗಿ ದುಡಿದರೆ ಸುಮಾರು 44 ಲಕ್ಷ ಯೂನಿಟ್. ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ ಹುಟ್ಟಲು ಸರಾಸರಿ 700 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ; ಬಹುಪಾಲು ರಾಯಚೂರು, ಬಳ್ಳಾರಿಗಳಲ್ಲಿರುವಂಥ ಕಲ್ಲಿದ್ದಲ ಸ್ಥಾವರಗಳಿಂದ. ಹಾಗಾದರೆ ಒಂದು ಫ್ಯಾನು ವರ್ಷಕ್ಕೆ ಮೂರು ಸಾವಿರ ಟನ್ ಉಳಿಸಿತು. ಅದರ ಕಂಬದ ಉಕ್ಕಿಗೆ, ಅಡಿಪಾಯದ ಸಿಮೆಂಟಿಗೆ ಸುಟ್ಟ ಕಲ್ಲಿದ್ದಲಿನ ಸಾಲ ವರ್ಷದೊಳಗೆ ತೀರುತ್ತದೆ.

ಜಗಳೂರಿನ ಕೆರೆಗಳಿಗೆ ಈಗ ತುಂಗಭದ್ರೆ ಬರುತ್ತಿದ್ದಾಳೆ. ಹರಿಹರದ ಬಳಿಯ ದೀಟೂರಿನಲ್ಲಿ ನೀರೆತ್ತಿ 57 ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಒಣಗಿದ ಕೆರೆಯಂಗಳದಲ್ಲಿ ನೀರು ನಿಂತದ್ದನ್ನು ಕಂಡು ಜನ ಬಾಗಿನ ಬಿಟ್ಟರು. ಸೂಳೆಕೆರೆಯ ನೀರು ತಾನಾಗಿ ಹರಿಯುತ್ತದೆ, ಈ ನೀರನ್ನು ಮೋಟಾರು ಎತ್ತಬೇಕು. ಒಂದು ಟಿ.ಎಂ.ಸಿ. ನೀರನ್ನು ನೂರು ಮೀಟರ್ ಎತ್ತಲು, ಪಂಪಿನ ನಷ್ಟವನ್ನೂ ಸೇರಿಸಿದರೆ, ಒಂದು ಕೋಟಿ ಯೂನಿಟ್ಟಿಗೂ ಮಿಕ್ಕಿ ವಿದ್ಯುತ್ ಬೇಕು. ಕಲ್ಲಿದ್ದಲು ತುಂಬಿದ ಜಾಲದಿಂದ ತಂದರೆ ಏಳು ಸಾವಿರ ಟನ್ನಿಗೂ ಹೆಚ್ಚು ಅನಿಲ. ಗಾಳಿಯಿಂದ ತಂದರೆ? ಎರಡೂವರೆ ಫ್ಯಾನಿನ ಒಂದು ವರ್ಷದ ದುಡಿಮೆ! ನನಗೆ ಆ ಕಲ್ಲಿನ ಮೇಲೆಯೇ ಎದ್ದು ಕೂಗಬೇಕೆನಿಸಿತು. ಬರದ ಊರಿನ ನೆತ್ತಿಯ ಮೇಲೆ ಬೀಸುವ ಗಾಳಿಯಲ್ಲಿ ಆ ಊರಿನ ಕೆರೆ ತುಂಬಿಸುವ ಶಕ್ತಿ ಇದೆ.

ಕರ್ನಾಟಕದಲ್ಲಿ ಗಾಳಿ ವಿದ್ಯುತ್ತಿನ ಸಾಮರ್ಥ್ಯ 6,000 ಮೆಗಾವಾಟ್ ದಾಟಿದೆ. ಅದರ ಒಂದು ಪಾಲನ್ನು ಹೊತ್ತ ಜಗಳೂರಿನ ಕೆರೆಗಳಿಗೆ ನೀರೆತ್ತುವ ಪಂಪುಗಳನ್ನೂ, ಸಾಸ್ವೆಹಳ್ಳಿಯ ಏತ ನೀರಾವರಿಯ ಪಂಪುಗಳನ್ನೂ ಗಾಳಿ ಮತ್ತು ಬಿಸಿಲಿನ ವಿದ್ಯುತ್ತಿಗೆ ಕಟ್ಟಿಹಾಕುವುದು ಸರ್ಕಾರ ಮಾಡಬೇಕಾದ ಕೆಲಸ. ಅಡಿಕೆ ಮನೆಗಳಿಗೆ ಒಳ್ಳೆಯ ಒಲೆ ಕಟ್ಟಿಸಲು ಸಾಲ ಕೊಡುವುದು ನಮ್ಮ ಸಹಕಾರ ಸಂಘಗಳಿಗೆ ಸಾಧ್ಯವಿರುವ ಕೆಲಸ. ಚನ್ನಗಿರಿ ಸೀಮೆಯ ಬೆಳೆಗಾರರನ್ನು, ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಚೇಣಿದಾರರನ್ನು ನಾನು ಕೇಳಿಕೊಳ್ಳುವುದು ಒಂದೇ: ಈ ಸುಗ್ಗಿಗೆ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿಯಬೇಡಿ, ಅದಕ್ಕೆ ಬೆಂಕಿ ಹಚ್ಚಲು ಯಾರಿಗೂ ಬಿಡಬೇಡಿ. ನಿಮ್ಮ ತೋಟದಿಂದ ಬಂದದ್ದನ್ನು ನಿಮ್ಮ ತೋಟದ ಮಣ್ಣಿಗೇ ಕೊಡಿ.